ಏನಾಗಬೇಕು

೩ ಮಾರ್ಚ್

ಚಿಕ್ಕಮ್ಮ,

‘ಬಾಗಿಲು ತೆರೆದಿಡು, ಚಿಕ್ಕಿ ಬರುವ ಹೊತ್ತು.’ ಅಮ್ಮ ಹೇಳುತ್ತಿದ್ದ ಸಾಲು. ಇದರ ಹಿಂದೇನಿತ್ತು, ಮುಂದೇನಿತ್ತು, ಒಂದೂ ನೆನಪಿಲ್ಲ. ಅವಳು ಹೇಳುತ್ತಿದ್ದದ್ದು ಹೀಗೆಯೇ ಇತ್ತೋ, ಆಮೇಲೆ ಓದಿದ ಪದ್ಯಗಳ ಲಯಕ್ಕೆ ನಾನೇ ಕತ್ತರಿಸಿ ಕೂರಿಸಿಕೊಂಡೆನೋ ಎಂಬ ಅನುಮಾನವೂ ಇದೆ. ನನಗಾಗ ಆರು ವರ್ಷ. ಚಿಕ್ಕಿ ಅಂದರೆ ಆಕಾಶದ ಚುಕ್ಕಿಯೋ, ನೀನೋ? ಚಿಕ್ಕಮ್ಮನನ್ನು ಚಿಕ್ಕಿ ಎಂದು ಕರೆಯುವ ಮನೆಗಳೂ ಇವೆ. ನಮ್ಮ ಮನೆಯಲ್ಲಿ ಹಾಗೆ ಕರೆದದ್ದು ನನಗೆ ನೆನಪಿಲ್ಲ.

ಎಲ್ಲದಕ್ಕೂ ‘ಯಾಕೆ’ ಎನ್ನುತ್ತಿದ್ದ ನನಗೆ ಯಾಕಮ್ಮ ಎಂದು ಹೆಸರಿಟ್ಟವಳು ನೀನು, ಈಗ ನೀನೇ ‘ಇಷ್ಟು ವರ್ಷ ಬಿಟ್ಟು ಈಗ ಯಾಕೆ’ ಎನ್ನುತ್ತೀಯ. ಕೆಲಸದ ಕಾರಣ. ನಮ್ಮ ಕಚೇರಿಯ ಮಕ್ಕಳ ನಿಘಂಟಿನಲ್ಲಿ ನನ್ನ ಪಾಲಿಗೆ ‘ಚ’ ಬಂದಿದೆ. ನಿನ್ನೆ ‘ಚಿಕ್ಕಮ್ಮ’ ಎಂಬ ಚೀಟಿ ಕೈಗೆ ಬಂತು. ಬರೆದೆ: ೧. ತಾಯಿಯ ತಂಗಿ. ೨. ಚಿಕ್ಕಪ್ಪನ ಹೆಂಡತಿ. ೩. ತಂದೆಯ ಎರಡನೆಯ ಹೆಂಡತಿ. ಸಂಪಾದಕರು ಕನ್ನಡಕ ಹಣೆಗೇರಿಸಿ, "ಮಕ್ಕಳ ಪುಸ್ತಕ ಮೇಡಂ. ಮೂರನೇದು ಯಾಕೆ? ಹೆದರಿಕೊಳ್ತಾವೆ," ಎಂದರು. "ಒಂದನೇದರಿಂದ ಮೂರನೇದಕ್ಕೆ ಬಡ್ತಿ ಪಡೆದವರ ಕೈಯಲ್ಲೇ ಬೆಳೆದಿದೀನಿ ಸರ್, ಹೆದರಿಲ್ಲ," ಅಂದೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ಬಂದ ಮೇಲೆ ಕೂತಲ್ಲಿ ಕೂರಲಾಗಲಿಲ್ಲ. ಮೂರು ಸಲ ಚಹಾ ಮಾಡಿ ಮೂರು ಸಲವೂ ಆರಿಸಿದೆ.

ಅಮ್ಮ ಹೋದಾಗ ಎರಡು ತಿಂಗಳಿಗೆಂದು ಬಂದವಳು ನೀನು. ವರ್ಷದ ಮೇಲೆ ಒಂದು ದಿನ ನೀನೂ ಅಪ್ಪನೂ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಸಹಿ ಹಾಕಿ ಬಂದಿರಿ. ಬೆಳಿಗ್ಗೆ ಮನೆಯಿಂದ ಹೊರಟವಳೂ ಚಿಕ್ಕಮ್ಮ, ಮಧ್ಯಾಹ್ನ ಮರಳಿದವಳೂ ಚಿಕ್ಕಮ್ಮ. ಪದ ಬದಲಾಗದಿದ್ದರಿಂದ ನನಗೆ ಯಾರೂ ಏನೂ ಹೇಳುವ ಅಗತ್ಯವೇ ಬೀಳಲಿಲ್ಲ. ಅರ್ಥ ಮಾತ್ರ ನನ್ನ ಬೆನ್ನ ಹಿಂದೆ ಬದಲಾಗಿತ್ತು.

ಗಂಟಲು ಹೇಗಿದೆ? ಇನ್ನೆಷ್ಟು ದಿನ ಮಾತಾಡಬಾರದಂತೆ? ಫೋನಿನಲ್ಲಿ ನಾನೊಬ್ಬಳೇ ಮಾತಾಡುವುದು, ನೀನು ಹೌದಿಗೆ ಒಂದು ಸಲ ಇಲ್ಲಕ್ಕೆ ಎರಡು ಸಲ ಬೆರಳಿಂದ ಬಡಿಯುವುದು ಸಾಕಾಗಿದೆ. ಕೈಗೇನೂ ಆಗಿಲ್ಲವಲ್ಲ, ಬರೆ.

ನಿನ್ನ
ಯಾಕಮ್ಮ


೯ ಮಾರ್ಚ್

ಪ್ರೀತಿಯ ಯಾಕಮ್ಮನಿಗೆ,

ಪ್ರಯಾಣಿಕರ ಗಮನಕ್ಕೆ: ನಿನ್ನ ಕಾಗದ ನಾಲ್ಕು ದಿನ ತಡವಾಗಿ ಬಂದು ಸೇರಿದೆ. ಮೂವತ್ತು ವರ್ಷ ಬಸ್ ನಿಲ್ದಾಣದ ಮೈಕಿನ ಮುಂದೆ ಕೂತವಳಿಗೆ ಕಾಗದದಲ್ಲೂ ಅದೇ ಧಾಟಿ, ನಗಬೇಡ.

ನಾನು ಚೆನ್ನಾಗಿದ್ದೇನೆ. ಒಂದು ಸ್ಲೇಟು, ಬಳಪ ಕೊಂಡಿದ್ದೇನೆ. ಅಂಗಡಿಯವನು "ಮೊಮ್ಮಗುವಿಗಾ?" ಎಂದು ಕೇಳಿದ. ಸ್ಲೇಟಿನ ಮೇಲೇ ‘ನನಗೆ’ ಅಂತ ಬರೆದು ತೋರಿಸಿದೆ. ಪಕ್ಕದ ಮನೆಗೆ ಹೊಸದಾಗಿ ಟೈಲರಮ್ಮ ಒಬ್ಬಳು ಬಂದಿದ್ದಾಳೆ. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಎರಡು ಗಂಟೆ ಮಾತಾಡಬಲ್ಲಳು. "ನಿಮ್ಮಂಥ ಕೇಳೋರು ನನಗೆ ಜನ್ಮದಲ್ಲಿ ಸಿಕ್ಕಿಲ್ಲ ಆಂಟಿ," ಅನ್ನುತ್ತಾಳೆ. ನಾನು ಉತ್ತರ ಬರೆಯುವಷ್ಟರಲ್ಲಿ ಅವಳು ಬೇರೆ ವಿಷಯಕ್ಕೆ ಹೋಗಿರುತ್ತಾಳೆ. ಅಳಿಸಿ ಸುಮ್ಮನಾಗುತ್ತೇನೆ.

ಗಂಟಲಲ್ಲಿ ಒಂದು ಸಣ್ಣ ಗಂಟು. ತೆಗೆಯಬೇಕಂತೆ. ದೊಡ್ಡದೇನಲ್ಲ.

ನೀನು ಕೇಳಿದ ಸಾಲು ನನಗೆ ಗೊತ್ತಿಲ್ಲ. ಅಕ್ಕನಿಗೆ ಹಾಡೂ ಬರುತ್ತಿರಲಿಲ್ಲ, ಪದ್ಯವೂ ಬರುತ್ತಿರಲಿಲ್ಲ. ಎಲ್ಲೋ ಓದಿದ್ದಿರಬೇಕು ನೀನು.

ನಿಘಂಟಿನ ಕೆಲಸ ಚೆನ್ನಾಗಿ ಮಾಡು. ಮೂರರಲ್ಲಿ ನಾನು ಎಷ್ಟನೇ ನಂಬರಿನ ಬಸ್ಸು ಅಂತ ನನಗೂ ತಿಳಿಸು.

ಚಿಕ್ಕಮ್ಮ


೧೪ ಮಾರ್ಚ್

ಚಿಕ್ಕಮ್ಮ,

‘ದೊಡ್ಡದೇನಲ್ಲ’ ಎಂಬುದು ನಮ್ಮ ಮನೆಯಲ್ಲಿ ಯಾವುದಕ್ಕೆ ಬಳಕೆಯಾಗುತ್ತದೆ ಎಂದು ನನಗೆ ಗೊತ್ತು. ಅಪ್ಪನ ಎದೆನೋವಿಗೂ ನೀನು ಅದನ್ನೇ ಬರೆದಿದ್ದೆ. ಡಾಕ್ಟರು ಏನೆಂದರು, ಅವರ ಮಾತಿನಲ್ಲೇ ಬರೆ.

ಎಷ್ಟನೇ ನಂಬರು ಎಂದು ನನ್ನನ್ನು ಕೇಳುತ್ತೀಯಲ್ಲ! ಊರಿಗೆಲ್ಲ ಘೋಷಣೆ ಮಾಡಿಕೊಂಡು ಬಂದವಳು ನೀನು. ‘ಇವಳು ನಮ್ಮಕ್ಕನ ಮಗಳು.’ ಬ್ಯಾಂಕಿನಲ್ಲಿ, ಮಾರುಕಟ್ಟೆಯಲ್ಲಿ, ಅಪ್ಪ ತೀರಿಕೊಂಡ ದಿನ ಬಾಗಿಲಿಗೆ ಬಂದವರಿಗೆಲ್ಲ. ಅವತ್ತು ನಾನು ನಿನ್ನ ಪಕ್ಕದಲ್ಲೇ ನಿಂತಿದ್ದೆ. ಅಪ್ಪನ ಕಚೇರಿಯವರೊಬ್ಬರು ನನ್ನನ್ನು ತೋರಿಸಿ "ಇವರು ನಿಮಗೆ ಏನಾಗಬೇಕು?" ಎಂದು ಕೇಳಿದರು. ನೀನು ಕಣ್ಣೊರೆಸಿಕೊಂಡು, ಅಷ್ಟು ದುಃಖದಲ್ಲೂ ತಡವರಿಸದೆ, "ಅಕ್ಕನ ಮಗಳು," ಅಂದೆ. ಏಳು ವರ್ಷವಾಯಿತು. ಆ ಮಾತು ಇನ್ನೂ ಕಿವಿಯಲ್ಲಿದೆ.

ನನಗೇನೂ ಬೇಜಾರಿಲ್ಲ. ಮಾಹಿತಿಗಾಗಿ ಬರೆದೆ, ಅಷ್ಟೆ.

ಯಾಕಮ್ಮ


೧೫ ಮಾರ್ಚ್

ಪ್ರೀತಿಯ ಯಾಕಮ್ಮನಿಗೆ,

ನಿನ್ನ ಉತ್ತರಕ್ಕೆ ಕಾಯದೆ ಬರೆಯುತ್ತಿದ್ದೇನೆ. ಒಂದು ಕೆಲಸ ಬಿದ್ದಿದೆ.

ನಿನ್ನೆ ಆಸ್ಪತ್ರೆಗೆ ಹೋಗಿದ್ದೆ. ಏಪ್ರಿಲ್ ಹದಿನೇಳಕ್ಕೆ ಆಪರೇಷನ್, ಹದಿನಾರಕ್ಕೆ ಸೇರಬೇಕು. ತೆಗೆದ ಗಂಟನ್ನು ಪರೀಕ್ಷೆಗೆ ಕಳಿಸುತ್ತಾರಂತೆ. ಈ ದಿನ ತಪ್ಪಿಸಿಕೊಂಡರೆ ಮತ್ತೆ ಯಾವಾಗಲೋ, ತಡವಾದರೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾದೀತು ಅಂದರು ಡಾಕ್ಟರು. ನೀನು ಹೇಗೂ ಕೇಳುತ್ತೀಯ, ಅದಕ್ಕೇ ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆದಿದ್ದೇನೆ.

ಕೌಂಟರಿನ ಹುಡುಗಿ ಒಪ್ಪಿಗೆ ಫಾರಂ ಕೊಟ್ಟಳು. ‘ಸಹಿ ಮಾಡುವವರು ರೋಗಿಗೆ ಏನಾಗಬೇಕು’ ಅಂತ ಒಂದು ಗೆರೆ. ನಾನು ‘ಅಕ್ಕನ ಮಗಳು’ ಅಂತ ತುಂಬಿದೆ.

"ಅಕ್ಕನ ಮಗಳು ಇಲ್ಲಿ ನಡೆಯಲ್ಲ ಅಮ್ಮ. ಗಂಡ, ಮಕ್ಕಳು, ಒಡಹುಟ್ಟಿದವರು. ಇಷ್ಟೇ."

‘ಗಂಡ ಇಲ್ಲ. ಅಕ್ಕ ಇಲ್ಲ,’ ಸ್ಲೇಟಿನಲ್ಲಿ ಬರೆದೆ.

"ಮಕ್ಕಳು?"

ಬಳಪ ಹಿಡಿದು ನಿಂತೇ ಇದ್ದೆ. ಹಿಂದೆ ಸಾಲು ಬೆಳೆದಿತ್ತು. ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದ ಮುದುಕರೊಬ್ಬರು, "ಏನ್ ತಾಯಿ, ಪರೀಕ್ಷೆ ಬರೀತಿದೀರಾ? ಗೊತ್ತಿಲ್ದೇ ಇದ್ರೆ ಬಿಟ್ಟು ಮುಂದಿನ ಪ್ರಶ್ನೆಗೆ ಹೋಗಿ," ಅಂದರು. ಕೊನೆಗೆ ‘ಗಂಡನ ಮಗಳು’ ಅಂತ ಬರೆದೆ. ಆ ಹುಡುಗಿ ಓದಿ ನಕ್ಕಳು. "ಗಂಡನ ಮಗಳು ಅಂದ್ರೆ ಮಗಳೇ ತಾನೇ? ಮಗಳು ಅಂತ ಹಾಕಿ, ಮುಗೀತು."

ನಾನು ಹಾಕಲಿಲ್ಲ. ಬೇರೆ ಫಾರಂ ಕೇಳಿ ತಂದೆ. ಇದರ ಜೊತೆ ಇಟ್ಟಿದ್ದೇನೆ. ಸಹಿ ಮಾಡುವವಳು ನೀನು, ಆ ಗೆರೆಯನ್ನೂ ನೀನೇ ತುಂಬು. ಹದಿನಾರರೊಳಗೆ ನನ್ನ ಕೈ ಸೇರಿದರೆ ಸಾಕು. ನೀನು ಬರಲೇಬೇಕು ಅಂತೇನೂ ಇಲ್ಲ, ನಿನಗೆ ಕೆಲಸವಿರುತ್ತದೆ.

ಚಿಕ್ಕಮ್ಮ


೨೦ ಮಾರ್ಚ್

ಚಿಕ್ಕಮ್ಮ,

ನಮ್ಮಿಬ್ಬರ ಕಾಗದಗಳು ದಾರಿಯಲ್ಲಿ ಒಂದನ್ನೊಂದು ದಾಟಿ ಹೋಗಿವೆ. ಹದಿನಾಲ್ಕರಂದು ನಾನು ಬರೆದದ್ದನ್ನು ನೀನು ಆಸ್ಪತ್ರೆಯಿಂದ ಬಂದ ಮೇಲೆ ಓದಿರುತ್ತೀಯ ಎಂದು ನೆನೆದರೆ ಮೈ ಹಿಡಿಯಾಗುತ್ತದೆ. ಆದರೂ ಅದನ್ನು ವಾಪಸ್ ತೆಗೆದುಕೊಳ್ಳಲಾರೆ.

ಸಹಿ ಆಗಲೇ ಮಾಡಿದ್ದೇನೆ. ಅದಕ್ಕೆ ಅರ್ಧ ನಿಮಿಷವೂ ಹಿಡಿಯಲಿಲ್ಲ. ಗೆರೆ ಮಾತ್ರ ಖಾಲಿ ಇದೆ. ಎರಡು ದಿನದಿಂದ ಫಾರಂ ಮೇಜಿನಿಂದ ಕಿಟಕಿಗೆ, ಕಿಟಕಿಯಿಂದ ಪುಸ್ತಕದ ಕಪಾಟಿಗೆ ಓಡಾಡುತ್ತಿದೆ. ನಾನೂ ಅದರ ಹಿಂದೆ ಓಡಾಡುತ್ತಿದ್ದೇನೆ.

ನೀನು ಕೌಂಟರಿನಲ್ಲಿ ಹಾಕಲಾರದ ಪದವನ್ನು ನಾನು ಆಸ್ಪತ್ರೆಯವರ ಅನುಕೂಲಕ್ಕೆ ಹಾಕಿಬಿಡಬೇಕೇ? ನನಗೆ ಎಂಟು ವರ್ಷವಾಗಿದ್ದಾಗ ಒಂದು ಮಧ್ಯಾಹ್ನ ವಿಪರೀತ ಜ್ವರ. ಹಣೆಯ ಮೇಲೆ ಒದ್ದೆ ಬಟ್ಟೆ ಇತ್ತು, ನೀನು ಪಕ್ಕದಲ್ಲಿ ಕೂತಿದ್ದೆ. ನಾನು "ಅಮ್ಮಾ" ಅಂದೆ. ನೀನು ಬಟ್ಟೆ ತೆಗೆದು ಹಿಂಡಿ, ಮತ್ತೆ ಹಾಕುತ್ತಾ, "ಅಮ್ಮ ಅಲ್ಲ ಕಂದ, ಚಿಕ್ಕಮ್ಮ," ಎಂದು ತಿದ್ದಿದೆ. ಇವತ್ತು ಬೇರೆಯವರ ತಪ್ಪು ತಿದ್ದುವುದೇ ನನ್ನ ಹೊಟ್ಟೆಪಾಡು. ಆದರೆ ಅಷ್ಟು ಮೆತ್ತಗೆ, ಅಷ್ಟು ಆಳಕ್ಕೆ ಯಾರನ್ನೂ ತಿದ್ದಿಲ್ಲ ನಾನು. ಆಮೇಲೆ ಒಂದು ಸಲವಾದರೂ ಆ ತಪ್ಪು ಮಾಡಿದ್ದೇನೆಯೇ, ಹೇಳು.

ಅದಕ್ಕೇ ಕೇಳುತ್ತಿದ್ದೇನೆ. ಏನಾಗಬೇಕು ನಾನು ನಿನಗೆ? ನೀನೇ ಬರೆದು ಕಳಿಸು, ನಕಲು ಮಾಡುತ್ತೇನೆ.

ಯಾಕಮ್ಮ


೨೫ ಮಾರ್ಚ್

ಯಾಕಮ್ಮ,

ಎರಡೂ ಕಾಗದ ಓದಿದೆ. ಸದ್ಯ ಮೈಕು ಕೆಟ್ಟಿದೆ. ಸರಿಯಾದ ಮೇಲೆ ತಿಳಿಸಲಾಗುವುದು.

ಚಿಕ್ಕಮ್ಮ


೨೮ ಮಾರ್ಚ್

ಪ್ರೀತಿಯ ಯಾಕಮ್ಮನಿಗೆ,

ಮೂರು ದಿನ ಬರೆದು ಬರೆದು ಹರಿದೆ. ಸ್ಲೇಟಾಗಿದ್ದರೆ ಒರೆಸಬಹುದಿತ್ತು. ಟೈಲರಮ್ಮ ಬುಟ್ಟಿ ನೋಡಿ, "ಆಂಟಿ, ಲವ್ ಲೆಟರಾ?" ಅಂದಳು. ತಲೆಯಾಡಿಸಿದೆ. ಹೌದು ಅಂದುಕೊಂಡಳೋ ಇಲ್ಲ ಅಂದುಕೊಂಡಳೋ.

ಜ್ವರದ ದಿನ ನನಗೂ ನೆನಪಿದೆ. ನಿನಗೆ ಎಂಟು, ನನಗೆ ಇಪ್ಪತ್ತನಾಲ್ಕು. ನೀನು ಕಣ್ಣು ಬಿಟ್ಟದ್ದು ನಿಜ, ಅಮ್ಮಾ ಅಂದದ್ದೂ ನಿಜ. ಆದರೆ ನನ್ನ ಮುಖ ನೋಡಿ ಅಂದದ್ದಲ್ಲ. ನನ್ನ ಭುಜದ ಆಚೆ, ಬಾಗಿಲು ನೋಡಿ ಅಂದೆ. ನಾನು ತಿರುಗಿ ನೋಡಿದೆ, ಅಲ್ಲಿ ಯಾರೂ ಇರಲಿಲ್ಲ. ಬೇರೆಯವರನ್ನು ಕರೆದಾಗ ನಾನು ಓಗೊಟ್ಟರೆ ಹೇಗೆ? ಅದು ಕದ್ದ ಹಾಗೆ ಅನ್ನಿಸಿತು. ಅದಕ್ಕೇ ‘ಇಲ್ಲಿ ಇರುವುದು ನಾನು’ ಅಂತ ಹೇಳಿದೆ. ತಿದ್ದಿದ್ದಲ್ಲ ಯಾಕಮ್ಮ, ಕ್ಷಮೆ ಕೇಳಿದ್ದು.

ಇನ್ನೊಂದು ಸಲ ನೀನು ಕರೆದಿದ್ದರೆ ಓಗೊಡುತ್ತಿದ್ದೆ. ಕಾದೆ. ನೀನು ಕರೆಯಲಿಲ್ಲ.

ನೀನು ಎಂ.ಎ. ಓದುವಾಗ ಹಾಸ್ಟೆಲಿಗೆ ಸ್ವೆಟರ್ ತಂದುಕೊಟ್ಟೆನಲ್ಲ. ನಿನ್ನ ರೂಮಿನ ಗೆಳತಿ ಕುರ್ಚಿ ತೋರಿಸಿ, "ಇವರು ಏನಾಗಬೇಕು ನಿಂಗೆ?" ಅಂತ ಕೇಳಿದಳು. ನೀನು ಅತ್ತ ತಿರುಗಿ ಏನೋ ಹುಡುಕುತ್ತಾ, "ನಮ್ಮಮ್ಮನ ತಂಗಿ," ಅಂದೆ. ಚಿಕ್ಕಮ್ಮ ಅಂತಲೂ ಅನ್ನಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ತೀರ್ಮಾನ ಮಾಡಿದೆ, ಅವಳು ಎಷ್ಟು ಹತ್ತಿರ ಇಟ್ಟಿದ್ದಾಳೋ ಅಷ್ಟೇ ಹತ್ತಿರ ನಾನೂ ನಿಲ್ಲಬೇಕು, ಒಂದು ಹೆಜ್ಜೆಯೂ ಮುಂದೆ ಹೋಗಬಾರದು ಅಂತ. ನೀನು ಅಮ್ಮನ ತಂಗಿ ಅಂದೆ, ನಾನು ಅಕ್ಕನ ಮಗಳು ಅಂದೆ. ಲೆಕ್ಕ ಸರಿಹೋಯಿತಲ್ಲ ಅಂದುಕೊಂಡಿದ್ದೆ. ಅದು ನಿನಗೆ ಚುಚ್ಚುತ್ತಿತ್ತು ಅಂತ ಗೊತ್ತಾದದ್ದು ಈಗ, ನಿನ್ನ ಹದಿನಾಲ್ಕನೇ ತಾರೀಖಿನ ಕಾಗದ ಓದಿ.

ನಿಲ್ದಾಣದಲ್ಲಿ ಒಂದು ಸಲ ಕೆಂಪು ಟೋಪಿಯ ಮಗು ಕಳೆದುಹೋಗಿ ನನ್ನ ಗೂಡಿಗೆ ಬಂತು. ಅಮ್ಮನ ಹೆಸರೇನು ಅಂದರೆ ‘ಅಮ್ಮ’ ಅಂತು. ಹಾಗೇ ಕರೆದೆ: ‘ಕೆಂಪು ಟೋಪಿಯ ಮಗುವಿನ ಅಮ್ಮ ಎಲ್ಲಿದ್ದರೂ ಬರಬೇಕು.’ ಗಾಜಿನಾಚೆ ನೋಡುತ್ತೇನೆ, ಪ್ಲಾಟ್‌ಫಾರಂ ತುಂಬ ಹೆಂಗಸರು ತಿರುಗಿ ನೋಡುತ್ತಿದ್ದಾರೆ, ತಮ್ಮ ಮಕ್ಕಳು ಕೈಯಲ್ಲೇ ಇರುವವರೂ. ಆ ಪದಕ್ಕೆ ಎಲ್ಲರೂ ತಿರುಗುತ್ತಾರೆ. ನಾನೊಬ್ಬಳು ಮೈಕಿನ ಹಿಂದೆ ಇದ್ದೆ.

ಇನ್ನು ನಿನ್ನ ಸಾಲು. ಗೊತ್ತಿಲ್ಲ ಅಂದದ್ದು ಸುಳ್ಳು. ಅದು ಹಾಡಲ್ಲ, ಪದ್ಯವೂ ಅಲ್ಲ. ಅಕ್ಕ ಹಾಸಿಗೆಯಿಂದ ಏಳಲಾರದೆ ನಿನಗೆ ದಿನಾ ಹೇಳುತ್ತಿದ್ದ ಮಾತು. ಚಿಕ್ಕಿ ಅಂದರೆ ನಾನೇ, ಅವಳೊಬ್ಬಳೇ ನನ್ನನ್ನು ಹಾಗೆ ಕರೆಯುತ್ತಿದ್ದದ್ದು. ‘ಬೇಗ ಬಾ’ ಅಂತ ನನಗೆ ಬರೆದಿದ್ದಳು. ಅದೇ ವಾರ ನನಗೆ ಈ ಮೈಕಿನ ಕೆಲಸದ ಧ್ವನಿ ಪರೀಕ್ಷೆ ಇತ್ತು. ಎರಡು ದಿನದಲ್ಲಿ ಏನಾಗುತ್ತದೆ ಅಂದುಕೊಂಡು ಪರೀಕ್ಷೆ ಮುಗಿಸಿ ಬಂದೆ. ಬಾಗಿಲು ತೆರೆದೇ ಇತ್ತು. ನೀನು ಹೊಸ್ತಿಲ ಮೇಲೆ ಕೂತಿದ್ದೆ. "ಅಮ್ಮ ಮಲಗಿದಾಳೆ, ಎಬ್ಬಿಸಬೇಡಿ ಅಂದಿದಾರೆ," ಅಂದೆ.

ಅಕ್ಕನನ್ನು ಕೇಳುವುದಕ್ಕೆ ಆಗಲೇ ಇಲ್ಲ. ಅವಳ ಮನೆ ತೆಗೆದುಕೊಂಡೆ, ಒಲೆ ತೆಗೆದುಕೊಂಡೆ, ನಿನ್ನ ಅಪ್ಪನನ್ನೂ. ಆ ಒಂದು ಪದವನ್ನಾದರೂ ಕೇಳದೆ ತೆಗೆದುಕೊಳ್ಳಬಾರದು ಅಂತ ಬಿಟ್ಟೆ. ಆವತ್ತು ಪಾಸಾದ ಧ್ವನಿಯೇ ಈಗ ಹೊರಟು ನಿಂತಿದೆ, ನೋಡು.

ಗೆರೆ ನಾನು ತುಂಬುವುದಿಲ್ಲ. ನಕಲು ಮಾಡುವ ಪದವಲ್ಲ ಅದು. ನಿನಗೆ ಏನು ಅನ್ನಿಸುತ್ತದೋ ಅದನ್ನು ಬರೆ. ಏನು ಬರೆದರೂ ನನಗೆ ಬೇಜಾರಿಲ್ಲ.

ಚಿಕ್ಕಮ್ಮ


೮ ಏಪ್ರಿಲ್

ಯಾಕಮ್ಮ,

ನಿನ್ನಿಂದ ಕಾಗದವಿಲ್ಲ. ಅಂಚೆಯವನು ದೂರದಿಂದಲೇ ಕೈ ಅಲ್ಲಾಡಿಸಿಬಿಡುತ್ತಾನೆ. ನೀನು ಫೋನು ಮಾಡಿದ್ದು ಗೊತ್ತಾಯಿತು. ಎತ್ತಿದೆ, ನೀನು ಏನೂ ಮಾತಾಡಲಿಲ್ಲ, ನಾನಂತೂ ಮಾತಾಡುವ ಹಾಗಿಲ್ಲ. ಇಬ್ಬರೂ ಹೀಗೆ ಎರಡು ನಿಮಿಷ ಉಸಿರಾಡಿ ಇಟ್ಟೆವು. ಟೈಲರಮ್ಮನಿಗೆ ಹೇಳಿದ್ದರೆ ನಗುತ್ತಿದ್ದಳು.

ಹದಿನಾರಕ್ಕೆ ಇನ್ನು ಎಂಟು ದಿನ. ಫಾರಂ ನಿನ್ನ ಹತ್ತಿರವೇ ಇದೆ. ಬರೆಯಲು ಆಗದಿದ್ದರೆ ಪರವಾಗಿಲ್ಲ. ನಾನು ಬೇರೆ ದಾರಿ ನೋಡಿಕೊಳ್ಳುತ್ತೇನೆ.

ಚಿಕ್ಕಮ್ಮ


೧೨ ಏಪ್ರಿಲ್
ನಿನ್ನ ಮನೆಯ ಮೆಟ್ಟಿಲು, ಮಧ್ಯಾಹ್ನ ಎರಡೂವರೆ

ಚಿಕ್ಕಮ್ಮ,

ನಿನ್ನ ಇಪ್ಪತ್ತೆಂಟರ ಕಾಗದಕ್ಕೆ ಏಳು ಉತ್ತರ ಬರೆದೆ. ಒಂದನ್ನೂ ಅಂಚೆಗೆ ಹಾಕಲಿಲ್ಲ. ಪ್ರತಿಯೊಂದೂ ಓದಿದ ಪುಸ್ತಕದ ಹಾಗೆ ಮಾತಾಡುತ್ತಿತ್ತು. ಆಫೀಸಿನಲ್ಲಿ ‘ಚಿಕ್ಕಮ್ಮ’ ಚೀಟಿಯ ಮೇಲಿನ ಅಂಕಿಗಳನ್ನು ಅಳಿಸಿ ಮೂರು ಅರ್ಥವನ್ನೂ ಒಂದೇ ಸಾಲಿನಲ್ಲಿ ಬರೆದೆ. ಸಂಪಾದಕರು ಅಂಕಿಗಳನ್ನು ಮತ್ತೆ ಹಾಕಿದರು. ಮತ್ತೆ ಅಳಿಸಿದೆ. "ಇದೇನ್ ಮೇಡಂ, ಮನೆ ಜಗಳ ಇಲ್ಲಿಗೆ ತರ್ತೀರಲ್ಲ," ಅಂದರು.

ನಿನ್ನೆ ಸಂಜೆ ನಿನ್ನ ಕೊನೆಯ ಕಾಗದ ಬಂತು. ‘ಬೇರೆ ದಾರಿ’ ಅಂದರೆ ಆಪರೇಷನ್ನೇ ಬೇಡ ಎಂದು ಬಿಟ್ಟುಬಿಡುತ್ತೀಯ ಎಂದೇ ಓದಿಕೊಂಡೆ. ಬೇಕಾದದ್ದನ್ನು ಕೇಳದೆ ಬಿಟ್ಟುಬಿಡುವುದು ನಿನಗೆ ಹೊಸದಲ್ಲ. ಬೆಳಿಗ್ಗೆ ಎಂಟರ ಬಸ್ಸಿಗೆ ಹೊರಟೆ. ಐದು ಗಂಟೆ ಕಿಟಕಿಯ ಪಕ್ಕ ಕೂತು ಒಂದು ಸಾಲೂ ಓದಲಾಗಲಿಲ್ಲ. ಫಾರಂ ಚೀಲದಲ್ಲಿದೆ. ಗೆರೆ ಇನ್ನೂ ಖಾಲಿ. ಅದನ್ನು ನಿನ್ನ ಎದುರಿಗೇ ತುಂಬಬೇಕು, ನೀನು ಓದುವಾಗ ನಿನ್ನ ಮುಖ ನೋಡಬೇಕು ಎಂಬ ಆಸೆ. ಕಾಗದದಲ್ಲಿ ಮುಖ ಕಾಣುವುದಿಲ್ಲ. ಹಾಸ್ಟೆಲಿನಲ್ಲಿ ಅವತ್ತು ನಾನು ಅತ್ತ ತಿರುಗಿ ಹುಡುಕುತ್ತಿದ್ದದ್ದು ಏನನ್ನೂ ಅಲ್ಲ. ಅಮ್ಮ ಎಂದು ಹೇಳಿದರೆ ನೀನು ಗೆಳತಿಯ ಮುಂದೆ ತಿದ್ದುತ್ತೀಯ ಎಂಬ ಹೆದರಿಕೆ. ಹೇಳುವ ಪದ ನಾಲಿಗೆಯ ತುದಿಯಲ್ಲೇ ಇತ್ತು.

ನಿನ್ನ ಬಾಗಿಲಿಗೆ ಬೀಗ. ಫೋನು ಮಾಡಿದೆ. ಅದು ಒಳಗೇ, ಬಾಗಿಲ ಹಿಂದೆಯೇ ಹೊಡೆದುಕೊಳ್ಳುತ್ತಿದೆ. ಹೊರಗೆ ನಿಂತು ಅದರ ಸದ್ದು ಕೇಳುತ್ತಾ ನಾನೇ ಎರಡು ಸಲ ಬಾಗಿಲು ಬಡಿದೆ, ಯಾಕೆಂದು ಕೇಳಬೇಡ. ಆ ಸದ್ದಿಗೆ ಟೈಲರಮ್ಮ ಹೊರಗೆ ಬಂದಳು. ಅವಳು ಹೇಳಿದ್ದನ್ನು ಕೊನೆಗೆ ಇಟ್ಟುಕೊಂಡಿದ್ದೇನೆ.

ಅವಳ ಮಾತು ಕೇಳಿದ ತಕ್ಷಣ ನನ್ನ ಕಟ್ಟಡದ ವಾಚ್‌ಮನ್‌ಗೆ ಫೋನು ಮಾಡಿದೆ.

"ಹೌದು ಮೇಡಂ, ಈಗಷ್ಟೇ ಬಂದ್ರು. ಸ್ಲೇಟ್ ಹಿಡ್ಕೊಂಡಿದಾರೆ. ಬಾಗಿಲ ಮುಂದೇನೇ ಕೂತಿದಾರೆ, ಕೆಳಗೆ ಬನ್ನಿ ಅಂದ್ರೆ ಬರ್ತಿಲ್ಲ. ನಿಮ್ಮ ಇನ್ನೊಂದು ಕೀ ನನ್ನ ಹತ್ರಾನೇ ಇದೆ. ಏನ್ ಮಾಡ್ಲಿ?"

"ಬಾಗಿಲು ತೆರೆದಿಡು," ಅಂದೆ. ಅಂದ ಮೇಲೆ ಫೋನು ಹಿಡಿದುಕೊಂಡು ಇಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಇನ್ನೂ ಅಲ್ಲೇ ಕೂತು ಬರೆಯುತ್ತಿದ್ದೇನೆ, ಟೈಲರಮ್ಮನ ಅಳತೆ ಪುಸ್ತಕದಿಂದ ಹರಿದ ಹಾಳೆಯಲ್ಲಿ. ಹಿಂದುಗಡೆ ಯಾರದ್ದೋ ಸೊಂಟದ ಸುತ್ತಳತೆ ಇದೆ, ಓದಬೇಡ.

ನಾಲ್ಕಕ್ಕೆ ಬಸ್ಸಿದೆ. ಈ ಹಾಳೆಯನ್ನು ಬಾಗಿಲ ಸಂದಿಯಲ್ಲಿ ತೂರಿಸಿ ಹೊರಡುತ್ತೇನೆ. ನೀನು ಅಲ್ಲಿಂದ ಕದಲಬೇಡ ಎಂದು ಇಲ್ಲಿ ಬರೆದಿಟ್ಟು ಹೋಗುತ್ತಿದ್ದೇನೆ, ನೋಡು ನನ್ನ ಬುದ್ಧಿಯನ್ನು. ನೀನು ಇದನ್ನು ಓದುವುದು ಎಲ್ಲ ಮುಗಿದು ಮನೆಗೆ ಬಂದ ಮೇಲೆ. ಆಗ ನಿನ್ನ ಪಕ್ಕದಲ್ಲಿ ನಾನಿರುತ್ತೇನೆ. ಆದರೂ ಬರೆದಿಡುತ್ತೇನೆ. ಈ ಮಾತುಗಳನ್ನು ನಾನು ಬಾಯಲ್ಲಿ ಹೇಳಿದರೆ ಎಲ್ಲೋ ತಿದ್ದಿಬಿಟ್ಟೇನು.

ಟೈಲರಮ್ಮ ಕೊರಳಲ್ಲಿ ಟೇಪು ಹಾಕಿಕೊಂಡು, ಬಾಯಲ್ಲಿದ್ದ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಸೆರಗಿಗೆ ಚುಚ್ಚುತ್ತಾ, ಬಾಗಿಲಲ್ಲಿ ನಿಂತು ಹೇಳಿದ್ದು ಇಷ್ಟು:

"ಆಂಟಿ ಬೆಳಿಗ್ಗೇನೇ ಹೊರಟ್ರಲ್ಲ. ಇಷ್ಟು ಬೇಗ ಎಲ್ಲಿಗೆ ಅಂತ ಕೇಳಿದೆ, ಸ್ಲೇಟ್ ತೆಗೆದು ‘ಮಗಳ ಮನೆಗೆ’ ಅಂತ ಬರೆದು ತೋರಿಸಿದ್ರು. ಇಷ್ಟು ದಿನ ಪಕ್ಕದಲ್ಲೇ ಇದೀನಿ, ಅವರಿಗೊಬ್ಬ ಮಗಳಿದಾಳೆ ಅಂತ ನಂಗೆ ಗೊತ್ತೇ ಇರ್ಲಿಲ್ಲ ನೋಡಿ. ಅಂದ ಹಾಗೆ, ನೀವು ಅವರಿಗೆ ಏನಾಗಬೇಕು?"